ನೀರು ಹೊಡೆಯದ ಎರಡು ಚೀಲ

ಒಣ ಮೆಣಸಿನಕಾಯಿಯ ತೊಟ್ಟಿಗೆ ನಮ್ಮ ಕಡೆ ತುಂಬು ಎನ್ನುತ್ತಾರೆ. ತುಂಬು ಬಿಡಿಸುವುದು ನನ್ನ ಕೆಲಸ. ಹತ್ತು ವರ್ಷದವಳಿದ್ದಾಗ ಹುಬ್ಬಳ್ಳಿಯ ಒಂದು ಗೋಡೌನಿನಲ್ಲಿ ಅವ್ವನ ಪಕ್ಕ ಕುಳಿತು ಶುರು ಮಾಡಿದೆ. ಈಗ ಐವತ್ತು ದಾಟಿದೆ. ಬ್ಯಾಡಗಿ ಕಾಯಿಯ ಸಿಪ್ಪೆ ತೆಳು, ಮೈತುಂಬ ನೆರಿಗೆ. ಗರಿಗರಿ ಒಣಗಿದ ಕಾಯಿಯ ತುಂಬು ಎಳೆದರೆ ಕಾಯಿಯೇ ಒಡೆದು ಬೀಜ ಚೆಲ್ಲುತ್ತದೆ. ಒಡೆದ ಕಾಯಿಯನ್ನು ಸಾವಕಾರರು ಮೂಲೆಗೆ ತಳ್ಳುತ್ತಾರೆ. ಅದಕ್ಕೆ ಹಿಂದಿನ ದಿನ ಸಂಜೆಯೇ ಕಾಯಿಯನ್ನು ನೆಲಕ್ಕೆ ಹರವಿ, ಕೈಯಿಂದ ನೀರು ಚಿಮುಕಿಸಿ, ಮೇಲೆ ಗೋಣಿತಾಟು ಹೊದಿಸಿ ಬಿಡುತ್ತೇವೆ. ನೀರು ಹೊಡೆಯುವುದು ಎಂದರೆ ಇದೇ. ಮರುದಿನ ಬೆಳಿಗ್ಗೆ ಒಂದು ಕಾಯಿಯನ್ನು ಮುಷ್ಟಿಯಲ್ಲಿ ಒತ್ತಿದರೆ ಅದು ಮಡಚಬೇಕು, ಮುರಿಯಬಾರದು. ಮುಷ್ಟಿ ಬಿಚ್ಚಿದರೆ ತಾನೂ ಬಿಚ್ಚಿಕೊಳ್ಳಬೇಕು, ಅಂಗೈಗೆ ಅಂಟಬಾರದು. ಅದು ಹದ. ನೀರು ಕಡಿಮೆಯಾದರೆ ಕಾಯಿ ಒಡೆಯುತ್ತದೆ, ಹೆಚ್ಚಾದರೆ ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನಮ್ಮ ಗೋಡೌನಿನಲ್ಲಿ ನಲವತ್ತು ಹೆಂಗಸರಿದ್ದೆವು. ಹದ ನೋಡುವವಳು ನಾನೊಬ್ಬಳೇ.

ಒಂದು ಸಂಜೆ ಎರಡು ಚೀಲ ಕಾಯಿಗೆ ನಾನು ಬೇಕೆಂದೇ ನೀರು ಹೊಡೆಯಲಿಲ್ಲ. ಅದರಿಂದ ನನ್ನ ತಮ್ಮನ ಮಷೀನು ಹಾಳಾಯಿತು, ಅವನ ಬಾಳೂ ಅರ್ಧಕ್ಕೆ ನಿಂತಿತು. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಐದನೇ ಇಯತ್ತೆ. ಬರೆಯಲು ರೂಢಿಯಾದದ್ದು ಹೆಂಗಸರ ಸಂಘದ ಠರಾವು ಪುಸ್ತಕದಿಂದ. ಅಲ್ಲಿ ಇಂಥವರು ಹೀಗೆ ಹೇಳಿದರು, ಸಭೆ ಒಪ್ಪಿತು ಎಂದು ಬರೆಯುತ್ತಿದ್ದೆ. ಇಲ್ಲಿ ಒಪ್ಪಲು ಸಭೆ ಇಲ್ಲ.

ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಅಪ್ಪ ಹತ್ತಿ ಗೋಡೌನಿನಲ್ಲಿ ಹಮಾಲಿ, ಅವ್ವ ಮೆಣಸಿನಕಾಯಿಯಲ್ಲಿ. ಕೂಸಾಗಿದ್ದಾಗ ಅವನನ್ನು ಗೋಡೌನಿನ ಬಾಗಿಲ ಹೊರಗೆ ಗಾಳಿ ಬರುವ ಕಡೆ ಮಲಗಿಸುತ್ತಿದ್ದೆವು; ಆದರೂ ಸೀನಿ ಸೀನಿ ಮುಖ ಕೆಂಪಾಗುತ್ತಿತ್ತು. ಸಾಲಿಯಲ್ಲಿ ಜಾಣನಾದ. ಡಿಪ್ಲೊಮಾ ಮಾಡಿದ, ಮುಂದೆ ಇಂಜಿನಿಯರ್ ಆದ, ಇನ್ನೂ ಒಂದು ದೊಡ್ಡ ಪರೀಕ್ಷೆ ಕಟ್ಟಿ ಪಾಸಾದ. ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಮೂರು ವರ್ಷದ ಯೋಜನೆಯ ಮೇಲೆ ಕೆಲಸಕ್ಕೆ ಸೇರಿದ. ಯೋಜನೆ ಇರುವವರೆಗೆ ಕೆಲಸ. ಮಷೀನು ಮಾಡಿ ಅದನ್ನು ಯಾವುದಾದರೂ ಕಾರ್ಖಾನೆ ತೆಗೆದುಕೊಂಡರೆ ಯೋಜನೆ ಮುಂದುವರಿಯುತ್ತದೆ, ನೌಕರಿ ಕಾಯಂ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ಅವನು ಮೊದಲ ದಿನವೇ ನನಗೆ ಹೇಳಿದ್ದ.

ಮಷೀನು ತುಂಬು ಬಿಡಿಸುವ ಮಷೀನು. ಒಂದು ದೊಡ್ಡ ಉರುಳೆ, ಮೈತುಂಬ ತೂತು. ಉರುಳೆ ತಿರುಗಿದಂತೆ ಕಾಯಿಯ ತುಂಬು ತೂತಿನಲ್ಲಿ ಇಣುಕುತ್ತದೆ, ಹೊರಗೆ ಒಂದು ಪಟ್ಟಿ ಅದನ್ನು ಚಿವುಟುತ್ತದೆ. ನಾವು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಾಡುವುದನ್ನೇ ಕಬ್ಬಿಣಕ್ಕೆ ಕಲಿಸಿದ್ದ. ಅದನ್ನು ಕಲಿಯಲು ನಮ್ಮ ಗೋಡೌನಿಗೇ ಬರುತ್ತಿದ್ದ. ನಮ್ಮ ನಡುವೆ ಕುಳಿತು ಗಡಿಯಾರ ಹಿಡಿದು ಎಣಿಸುವುದು, ತುಂಬಿನ ಉದ್ದ ಅಳೆಯುವುದು, ನಮ್ಮ ಬೆರಳುಗಳ ಫೋಟೋ ತೆಗೆಯುವುದು. ಹೆಂಗಸರಿಗೆ ನಗೆಯೋ ನಗೆ.

“ಏ ಸಾಹೇಬಾ, ಬಳ್ಳಿನ ಅಳತಿ ತಗೊಳ್ಳಾಕತ್ತಿ, ಉಂಗುರಾ ಮಾಡಸ್ತೀ ಏನ?” ಎಂದಳು ಒಬ್ಬಳು.

“ಮೌಶಿ, ನಿಮ್ಮ ಬಳ್ಳಿನ ಬುದ್ಧಿ ಬೇಕಾಗೇತ್ರಿ ನನಗ. ಉಂಗುರಾ ಆಮ್ಯಾಲೆ.”

“ನಮ್ಮ ಬುದ್ಧಿ ಬಳ್ಳಿನಾಗರ ಐತಿ. ನನ್ನ ಗಂಡಂದು ಎಲ್ಲೈತಿ ಹುಡುಕಿ ಕೊಡೋ ಯಪ್ಪಾ!”

ಅವನೂ ನಕ್ಕ. ಆ ದಿನಗಳು ಚೆನ್ನಾಗಿದ್ದವು, ಸುಳ್ಳು ಹೇಳುವುದಿಲ್ಲ. ಮೊದಲ ಸಲ ಮಷೀನಿಗೆ ಹಾಕಿದ ಕಾಯಿ ಎಲ್ಲ ಪುಡಿಯಾಗಿತ್ತಂತೆ. ಹುಬ್ಬಳ್ಳಿಯ ಅಂಚಿನ ಗಬ್ಬೂರಿನ ನಮ್ಮ ಮನೆಗೆ ಬಂದು ತಲೆ ಹಿಡಿದು ಕುಳಿತಿದ್ದ. “ಎಲ್ಲಿ ಕಾಯಿ?” ಎಂದೆ. ಅಂಗಡಿಯಿಂದ ತಂದದ್ದು, ಒಣ ಕಾಯಿ. ಮರುದಿನ ನಾನೇ ಒಂದು ಚೀಲಕ್ಕೆ ನೀರು ಹೊಡೆದು, ಹದ ಮಾಡಿ, ಟೆಂಪೊದಲ್ಲಿ ಧಾರವಾಡಕ್ಕೆ ಒಯ್ದುಕೊಟ್ಟೆ. ಮಷೀನಿನಿಂದ ಇಡೀ ಕಾಯಿಗಳು ಸಾಲಾಗಿ ಇಳಿದವು. ಅವನು ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿದು, “ಅಕ್ಕಾ, ನೋಡ! ನೋಡವಾ!” ಎಂದು ಕೂಗಿದ. ಅಂದಿನಿಂದ ಅವನ ಪ್ರತಿ ಪ್ರಯೋಗಕ್ಕೂ ಕಾಯಿ ನಾನೇ ಕೊಟ್ಟೆ. ಕಾಯಿಯಲ್ಲಿ ತೇವ ಎಷ್ಟಿದೆ ಎಂದು ಅವನ ಹತ್ತಿರ ಅಳೆಯುವ ಡಬ್ಬಿಯಿತ್ತು, ಅಂಕಿ ಬರೆದುಕೊಳ್ಳುತ್ತಿದ್ದ. ಆದರೆ ಆ ಅಂಕಿಗೆ ಕಾಯಿಯನ್ನು ತರುವುದು ಹೇಗೆ ಎಂದು ಬರೆದುಕೊಳ್ಳಲಿಲ್ಲ. ಅಕ್ಕ ಇದ್ದಾಳಲ್ಲ ಎಂದುಕೊಂಡಿರಬೇಕು.

ಎರಡು ವರ್ಷದ ಮೇಲೆ ಪೇಪರಿನಲ್ಲಿ ಅವನ ಫೋಟೋ ಬಂತು. ಮಹಿಳೆಯರ ಕಷ್ಟ ಕಂಡು ಯಂತ್ರ ರೂಪಿಸಿದ ಯುವ ಸಂಶೋಧಕ ಎಂದು ಮೇಲೆ ದಪ್ಪಕ್ಷರ. ಗೋಡೌನಿನಲ್ಲಿ ಎಲ್ಲರಿಗೂ ನಾನೇ ಓದಿ ಹೇಳಿದೆ. ಓದುತ್ತಾ ಹೋದಂತೆ ಮುಂದಿನ ಸಾಲಿನಲ್ಲಿ ನನ್ನ ಮಾತು ಬರುತ್ತದೆ, ಅದರ ಮುಂದಿನ ಸಾಲಿನಲ್ಲಿ ಬರುತ್ತದೆ ಎಂದು ಕಾಯುತ್ತಿದ್ದೆ. ಮುಗಿದೇ ಹೋಯಿತು. ಅವನ ಮೇಲಿನ ಸಾಹೇಬರ ಹೆಸರಿತ್ತು, ಕೇಂದ್ರದ ಹೆಸರಿತ್ತು. ನಮ್ಮದು “ಮಹಿಳೆಯರ ಕಷ್ಟ” ಎಂಬ ಎರಡು ಶಬ್ದ.

ಆ ವಾರ ಅವನು ಊಟಕ್ಕೆ ಬಂದಿದ್ದ. ಮಷೀನಿನ ಹಕ್ಕಿಗಾಗಿ ಸರ್ಕಾರಕ್ಕೆ ಅರ್ಜಿ ಹೋಗುತ್ತದೆ, ಅದರಲ್ಲಿ ಕಂಡುಹಿಡಿದವರು ಎಂದು ಮೂವರ ಹೆಸರಿದೆ ಎಂದ. ನಾನು ರೊಟ್ಟಿ ಹಾಕುತ್ತಾ, ನಗುನಗುತ್ತಲೇ, “ನಂದೊಂದ ಹೆಸರ ಹಾಕಿಬಿಡಪಾ” ಎಂದೆ.

ಅವನೂ ನಕ್ಕ. “ಹಾಕೇನು ಅಕ್ಕಾ. ಆದ್ರ ನೀ ಏನ ಕಂಡಹಿಡದಿ ಅಂತ ಬರೀಲಿ?”

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬಾಯಲ್ಲಿ ತುತ್ತಿತ್ತು, ಅಂದು ನುಂಗಿದ, ಮರೆತ. ನಾನು ಮರೆಯಲಿಲ್ಲ.

ಪ್ರಾತ್ಯಕ್ಷಿಕೆಯ ದಿನ ಗೊತ್ತಾಯಿತು. ಧಾರವಾಡದ ಹತ್ತಿರದ ಒಂದು ಕಾರ್ಖಾನೆಯ ಮಾಲೀಕ ಬಂದು ಮಷೀನು ನೋಡುತ್ತಾನೆ, ಒಪ್ಪಿದರೆ ಅಂದೇ ಕರಾರು. ತಮ್ಮ ನನ್ನ ಹತ್ತಿರ ಬಂದ. “ಎರಡ ಚೀಲ ಬೇಕು, ಯಾವಾಗಿನಂಗ. ಹದಾ ನಿನ್ನ ಜವಾಬ್ದಾರಿ,” ಎಂದ. ಇನ್ನೂ ಒಂದು ಮಾತು ಹೇಳಿದ: “ಮೊದಲನೇ ಮಷೀನು ನಿಮ್ಮ ಸಂಘಕ್ಕ ಕೊಡಬೇಕಂತ ಕರಾರಿನಾಗ ಬರಸ್ತೇನಿ. ನೀವ ಮಾಲಕರು. ಹದಾ ನೋಡೂ ಕೆಲಸಾ ಅಂತೂ ಯಾವ ಮಷೀನು ಬಂದ್ರೂ ನಿಮ್ಮ ಕೈಯಾಗ ಇರತೈತಿ.”

ಈ ಮಾತನ್ನು ಗೋಡೌನಿನಲ್ಲಿ ಹೇಳಿದೆ. ಯಾರೂ ನಂಬಲಿಲ್ಲ.

“ಕರಾರು ಕಾಗದದಾಗ ಇರತೈತಿ. ಮಷೀನು ಸಾವಕಾರನ ಗೋಡೌನಿನ್ಯಾಗ ಇರತೈತಿ,” ಎಂದಳು ಮೂಲೆಯಲ್ಲಿ ಕುಳಿತ ಮುದುಕಿ.

“ಯಕ್ಕಾ, ನಿನಗೇನವಾ, ತಮ್ಮ ಸಾಹೇಬಾದ,” ಎಂದಳು ಇನ್ನೊಬ್ಬಳು. “ನಮ್ಮ ತುತ್ತಿಗೆ ಮಷೀನು ಮಾಡ್ಯಾನ, ಅದಕ್ಕ ನೀರ ಹೊಡದು ನೀ ಕಳಸು. ಹೊಡಿಯವಾ, ಛಲೋತ್ನಂಗ ಹೊಡಿ.”

ಎಲ್ಲರೂ ತಲೆ ತಗ್ಗಿಸಿ ತುಂಬು ಬಿಡಿಸುತ್ತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ.

ಅಂದು ಸಂಜೆ ಅವರೆಲ್ಲ ಹೋದ ಮೇಲೆ ಎರಡು ಚೀಲ ಹರವಿದೆ. ಬಕೆಟ್ಟಿನಲ್ಲಿ ನೀರಿತ್ತು, ಕೈ ಅದ್ದಿದೆ. ಅದ್ದಿದ ಕೈಯನ್ನು ಸೀರೆಗೆ ಒರೆಸಿಕೊಂಡು ಬಿಟ್ಟೆ. ಕಾಯಿಯನ್ನು ಹಾಗೇ ಚೀಲಕ್ಕೆ ತುಂಬಿ ಬಾಯಿ ಹೊಲಿದೆ. ನಲವತ್ತು ಹೆಂಗಸರ ತುತ್ತಿಗಾಗಿ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ಖರೇ ಇದೆ. ಆದರೆ ಚೀಲದ ಬಾಯಿ ಹೊಲಿಯುವಾಗ ನನ್ನ ತಲೆಯಲ್ಲಿ ಆ ಹೆಂಗಸರು ಇರಲಿಲ್ಲ. “ನೀ ಏನ ಕಂಡಹಿಡದಿ” ಎಂಬ ಮಾತು ಇತ್ತು. ನಾನು ಏನು ಕಂಡುಹಿಡಿದಿದ್ದೇನೆ ಎಂದು ನಾಳೆ ಗೊತ್ತಾಗಲಿ ಎಂದುಕೊಂಡೆ.

ಮರುದಿನ ಚೀಲಗಳ ಜೊತೆ ನಾನೂ ಟೆಂಪೊದಲ್ಲಿ ಹೋದೆ. ಕೇಂದ್ರದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಮಷೀನಿಗೆ ಹೂವಿನ ಹಾರ. ಬೆಂಗಳೂರಿನಿಂದ ಬಂದ ಒಬ್ಬ ಅಧಿಕಾರಿ ಮೊದಲು ಭಾಷಣ ಮಾಡಿದರು. “ಸಂಶೋಧನೆ ಕಪಾಟಿನಲ್ಲಿ ಕೊಳೆಯಬಾರದು. ಪ್ರಯೋಗಾಲಯದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಮಾರುಕಟ್ಟೆಗೆ ಹೋಗಬೇಕು. ಆಗ ಮಾತ್ರ ನಮ್ಮ ದೇಶ ಬೇರೆ ದೇಶಗಳ ಜೊತೆ ಪೈಪೋಟಿ ಮಾಡಲು ಸಾಧ್ಯ. ಮೆಣಸಿನಕಾಯಿ ನಮ್ಮದು, ಯಂತ್ರ ಮಾತ್ರ ಹೊರಗಿನದು ಎಂದರೆ ಅದು ನಮಗೆ ನಾಚಿಕೆ,” ಎಂದರು. ಒಳ್ಳೆಯ ಮಾತೇ. ದೇಶದ ಮಾತು ಎಂದು ನಾನು ಹಿಂದೆ ನಿಂತು ಕೇಳಿದೆ. ಆ ಪೈಪೋಟಿ ಅಂದು ನಾನು ಹೊತ್ತು ತಂದ ಎರಡು ಚೀಲದ ಮೇಲೆ ನಿಂತಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ತೇವ ಅಳೆಯುವ ಡಬ್ಬಿಯನ್ನು ತಮ್ಮ ಅಂದು ತೆಗೆಯಲೇ ಇಲ್ಲ, ಅಕ್ಕನ ಕಾಯಿ ಎಂದು ನೇರ ಸ್ವಿಚ್ಚು ಒತ್ತಿದ. ಚೀಲ ಸುರಿದ. ಎರಡು ನಿಮಿಷ ಸಪ್ಪಳ ಸರಿಯಾಗಿಯೇ ಇತ್ತು. ಆಮೇಲೆ ಉರುಳೆಯೊಳಗೆ ಹಪ್ಪಳ ಮುರಿದಂತೆ ಕೇಳತೊಡಗಿತು. ಕೆಳಗಿನ ಬುಟ್ಟಿಗೆ ಒಡೆದ ಚೂರು, ಬೀಜ, ಕೆಂಪು ದೂಳು. ದೂಳು ಶಾಮಿಯಾನದ ತುಂಬ ಎದ್ದಿತು. ಮೊದಲು ಅಧಿಕಾರಿ ಸೀನಿದರು, ಆಮೇಲೆ ಕಾರ್ಖಾನೆಯ ಮಾಲೀಕ, ಆಮೇಲೆ ಫೋಟೋದವನು. ಕುರ್ಚಿ ಬಿಟ್ಟು ಎಲ್ಲರೂ ಹೊರಗೆ ಓಡಿದರು.

ಮಾಲೀಕ ಕರವಸ್ತ್ರದಿಂದ ಕಣ್ಣು ಒತ್ತಿಕೊಳ್ಳುತ್ತಾ, “ಸರ, ಇದು ತುಂಬು ಬಿಡಸೂ ಮಷೀನ ಅಲ್ಲರೀ, ಖಾರಪುಡಿ ಗಿರಣಿ ಐತಿ! ಗಿರಣಿ ನಮ್ಮ ಓಣ್ಯಾಗ ಮೂರ ಅದಾವು,” ಎಂದ. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು.

ತಮ್ಮ ಮಷೀನು ನಿಲ್ಲಿಸಿ ನನ್ನ ಕಡೆ ತಿರುಗಿದ. “ಅಕ್ಕಾ, ನೀರ ಹೊಡದಿದ್ದಿ ಅಲ್ಲಾ?”

“ಹೊಡದೇನಿ. ಯಾವಾಗಿನಂಗ,” ಎಂದೆ.

ಇನ್ನೂ ಸುರಿಯದ ಎರಡನೇ ಚೀಲಕ್ಕೆ ಅವನು ಕೈ ಹಾಕಿದ. ಒಂದು ಕಾಯಿ ತೆಗೆದು ಮುಷ್ಟಿಯಲ್ಲಿ ಒತ್ತಿದ. ಅಷ್ಟು ದೂರ ನಿಂತಿದ್ದ ನನಗೂ ಅದು ಮುರಿದದ್ದು ಕೇಳಿಸಿದಂತಾಯಿತು. ಮುಷ್ಟಿ ಬಿಚ್ಚಲಿಲ್ಲ. ಹಾಗೇ ಹಿಡಿದುಕೊಂಡು ಅಧಿಕಾರಿಯ ಹತ್ತಿರ ಹೋಗಿ, “ಸರ್, ತಪ್ಪು ನನ್ನದು. ಉರುಳೆಯ ವೇಗ ಹೆಚ್ಚಾಗಿದೆ. ಇನ್ನೊಂದು ಅವಕಾಶ ಕೊಡಿ,” ಎಂದ.

ಎಂಟು ದಿನ ಕೊಟ್ಟರು.

ಮೂರನೆಯ ದಿನ ಅವನು ಗಬ್ಬೂರಿಗೆ ಬಂದ. ಬೈಕಿನಿಂದ ಇಳಿಯಲೂ ಇಲ್ಲ. “ಅಕ್ಕಾ, ಈ ಸಲ ನೀನ ಬಂದು ಅಲ್ಲೇ ನೀರ ಹೊಡದು ಕೊಡು. ನನ್ನ ಕಣ್ಣ ಮುಂದ. ಕಾಯಿ ನಾ ತರಸ್ತೇನಿ.”

ಆಗಲೇ ಹೇಳಬಹುದಿತ್ತು. ತಪ್ಪು ಮಾಡಿದೆ ಎನ್ನುವುದಕ್ಕೆ ಬಾಯಿ ಏಳದಿದ್ದರೆ, ಬರುತ್ತೇನೆ ಎಂದಾದರೂ ಅನ್ನಬಹುದಿತ್ತು. ಹೋಗಿ ನೀರು ಹೊಡೆದು ಬಂದಿದ್ದರೆ ಸಾಕಿತ್ತು. ಆದರೆ ಅವನ ಕಣ್ಣ ಮುಂದೆ ನೀರು ಹೊಡೆದು ಮಷೀನು ಸರಿಯಾಗಿ ನಡೆದರೆ, ಮೊದಲ ದಿನ ನಾನು ಹೊಡೆದಿರಲಿಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆ ಹೆದರಿಕೆ. “ಹೆಬ್ಬಳ್ಳ್ಯಾಗ ನಾದಿನಿ ಮಗಳ ಮದವಿ ಐತಿ. ನಾ ಹೋಗಾಕ ಬೇಕು,” ಎಂದೆ.

“ಮದವಿ ಯಾವತ್ತ?”

“ಅವತ್ತ, ನಿನ್ನ ಪ್ರಯೋಗದ ದಿನಾನ.”

ಅವನು ಬೈಕು ತಿರುಗಿಸಿದ. ನಾದಿನಿಯ ಊರು ಹೆಬ್ಬಳ್ಳಿಯಲ್ಲಿ ಮದುವೆ ಇರಲಿಲ್ಲ. ಆದರೂ ಹೋದೆ. ಮೂರು ದಿನ ನಾದಿನಿಯ ಮನೆಯಲ್ಲಿ ಕುಳಿತು ಶೇಂಗಾ ಒಡೆದುಕೊಟ್ಟೆ. “ಏನ ವೈನಿ, ದಾರಿ ತಪ್ಪಿ ಬಂದ್ರೇನ?” ಎಂದು ನಾದಿನಿ ಚೇಷ್ಟೆ ಮಾಡಿದಳು. ಮೈಯಲ್ಲಿ ಸರಿಯಿಲ್ಲ, ಹವೆ ಬದಲಾಗಲಿ ಎಂದು ಬಂದೆ ಎಂದೆ.

ಎರಡನೆಯ ಪ್ರಯೋಗದಲ್ಲಿ ಏನಾಯಿತು ಎಂದು ಆಮೇಲೆ ಕೇಂದ್ರದ ವಾಚ್‌ಮನ್ನನಿಂದ ತಿಳಿಯಿತು. ತಮ್ಮ ತಾನೇ ನೀರು ಹೊಡೆದಿದ್ದ. ಒಡೆಯಬಾರದೆಂಬ ಹೆದರಿಕೆಯಲ್ಲಿ ಹೆಚ್ಚು ಹೊಡೆದ. ಕಾಯಿ ಅಂಟಂಟಾಗಿ ಉರುಳೆಯ ತೂತುಗಳೆಲ್ಲ ಮುಚ್ಚಿಹೋದವು, ಮೋಟಾರು ಸುಟ್ಟ ವಾಸನೆ ಬಂತು. ಕಾರ್ಖಾನೆಯ ಮಾಲೀಕ ಚಹಾ ಕುಡಿದು ಎದ್ದುಹೋದ. ಆ ವರ್ಷದ ಕೊನೆಗೆ ಯೋಜನೆ ಮುಗಿಯಿತು. ಯಂತ್ರ ಕಾರ್ಖಾನೆಗೆ ಕೊಡುವ ಮಟ್ಟಕ್ಕೆ ಬಂದಿಲ್ಲ ಎಂದು ಫೈಲಿನಲ್ಲಿ ಬರೆದು, ಹಕ್ಕಿನ ಅರ್ಜಿಯನ್ನೂ ಮುಂದುವರಿಸಲಿಲ್ಲ. ತಮ್ಮನ ನೌಕರಿ ಹೋಯಿತು. ಈಗ ಅವನು ಬೆಳಿಗ್ಗೆ ಒಂದು ಖಾಸಗಿ ಕಾಲೇಜಿನಲ್ಲಿ ತಾಸಿನ ಮೇಲೆ ಪಾಠ ಹೇಳುತ್ತಾನೆ, ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಅಂಗಡಿಯಲ್ಲಿ ಪಂಪು ಮಿಕ್ಸರುಗಳ ಮೋಟಾರು ರಿಪೇರಿ ಮಾಡುತ್ತಾನೆ. ಅಂಗಡಿಯವನು ಗಿರಾಕಿಗಳಿಗೆ, “ಇವ್ರು ಸೈಂಟಿಸ್ಟ್ ಇದ್ದವ್ರರೀ, ನಿಮ್ಮ ಮಿಕ್ಸರ್ ಪುಣ್ಯಾ ಮಾಡೇತಿ,” ಎನ್ನುತ್ತಾನಂತೆ. ಅಂಗಡಿಯವನ ಪ್ರಕಾರ ಅದು ಹೊಗಳಿಕೆ.

ನಾನು ಕಾಯ್ದ ತುತ್ತಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ಎರಡು ಸುಗ್ಗಿ ಕಳೆಯುವುದರೊಳಗೆ ನಮ್ಮ ಸಾವಕಾರ ಹೊರದೇಶದಿಂದ ಒಂದು ಮಷೀನು ತರಿಸಿದ. ಗೋಡೌನಿನ ಗೋಡೆ ಒಡೆದು ಒಳಗೆ ಇಳಿಸಿದರು. ಉರುಳೆ, ತೂತು, ಚಿವುಟುವ ಪಟ್ಟಿ. ನೋಡಿದರೆ ತಮ್ಮನ ಮಷೀನಿನ ಅಣ್ಣನಂತಿತ್ತು. ಒಂದೇ ಒಂದು ಹೆಚ್ಚಿಗೆ ಇತ್ತು: ಬಾಯಿಯ ಹತ್ತಿರ ಸಣ್ಣ ಸಣ್ಣ ನಳಿಕೆ, ಕಾಯಿಯ ಮೇಲೆ ಮಂಜಿನಂತೆ ನೀರು ಬಿಡುವುದಕ್ಕೆ. ಎಲ್ಲೋ ದೂರದ ದೇಶದಲ್ಲಿ ಯಾರೋ ಕೂತು ನೀರು ಹೊಡೆಯುವುದನ್ನೂ ಕಬ್ಬಿಣಕ್ಕೆ ಕಲಿಸಿದ್ದರು. ನಾನು ಮುಚ್ಚಿಟ್ಟದ್ದು ಅವರಿಗೆ ಬೇಕಾಗಿರಲಿಲ್ಲ.

ನಲವತ್ತು ಹೆಂಗಸರಲ್ಲಿ ಆರು ಮಂದಿಯನ್ನು ಉಳಿಸಿಕೊಂಡರು. ಅದರಲ್ಲಿ ನಾನೊಬ್ಬಳು. ಏಕೆಂದರೆ ಆ ನಳಿಕೆಗಳು ಅವರ ದೇಶದ ದಪ್ಪ ಸಿಪ್ಪೆಯ ಕಾಯಿಗೆ ಮಾಡಿದವು. ನಮ್ಮ ಬ್ಯಾಡಗಿ ಕಾಯಿಯ ನೆರಿಗೆಯಲ್ಲಿ ನೀರು ನಿಂತು ಬೂಷ್ಟು ಹಿಡಿಯಿತು. ಸಾವಕಾರ ನಳಿಕೆ ಬಂದ್ ಮಾಡಿಸಿ, “ಏನವಾ, ನೀನ ಹೊಡಿ ಮತ್ತ ನೀರ,” ಎಂದ. ಹೀಗೆ ಯಾವ ಕೆಲಸ ನಮ್ಮ ಕೈಯಲ್ಲೇ ಉಳಿಯುತ್ತದೆ ಎಂದು ತಮ್ಮ ಹೇಳಿದ್ದನೋ ಅದೇ ಕೆಲಸವನ್ನು ನಾನು ಮಾಡುತ್ತಿದ್ದೇನೆ. ನನ್ನ ಪಕ್ಕ ಕುಳಿತವರು ಇಲ್ಲ. ಅಂದು “ಛಲೋತ್ನಂಗ ಹೊಡಿ” ಎಂದು ಚುಚ್ಚಿದ್ದವಳು ಬೈಪಾಸಿನ ಒಂದು ಧಾಬಾದಲ್ಲಿ ಪಾತ್ರೆ ತಿಕ್ಕುತ್ತಾಳೆ. ಒಮ್ಮೆ ಬಸ್ಸಿನಲ್ಲಿ ಸಿಕ್ಕಳು. “ಯಕ್ಕಾ, ನಿನ್ನ ತಮ್ಮನ ಮಷೀನರ ಆಗಿದ್ರ ಅಂವಾ ನಮ್ಮನ್ನೊಂದ ಮಾತ ಕೇಳ್ತಿದ್ದ ನೋಡ. ಇಂವಾ ಸಾವಕಾರ ಕೇಳಲೂ ಇಲ್ಲ,” ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ.

ಕಳೆದ ಸುಗ್ಗಿಯಲ್ಲಿ ಆ ಹೊರದೇಶದ ಮಷೀನು ನಿಂತುಹೋಯಿತು. ಬಿಡಿಭಾಗ ಹಡಗಿನಲ್ಲಿ ಬರಬೇಕು, ಎರಡು ತಿಂಗಳು ಎಂದರು. ಗೋಡೌನಿನ ತುಂಬ ಕಾಯಿ. ಸಾವಕಾರ ಯಾರನ್ನೋ ಕೇಳಿ ದುರ್ಗದಬೈಲಿನ ಅಂಗಡಿಗೆ ಫೋನು ಮಾಡಿದ. ಬಂದವನು ನನ್ನ ತಮ್ಮ.

ಮಧ್ಯಾಹ್ನ ಊಟದ ಹೊತ್ತು, ಉಳಿದವರು ಹೊರಗೆ ಹೋಗಿದ್ದರು. ಅವನು ಮಷೀನಿನ ಹೊಟ್ಟೆ ಬಿಚ್ಚಿ ನೆಲದ ಮೇಲೆ ಕುಳಿತಿದ್ದ. ಕೈ ತುಂಬ ಗ್ರೀಸು. ಬಂದ್ ಮಾಡಿದ್ದ ನಳಿಕೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ನಾನು ನೀರಿನ ತಂಬಿಗೆ ತಂದು ಪಕ್ಕಕ್ಕಿಟ್ಟೆ. ಇಟ್ಟವಳು ಹೇಳಿಬಿಟ್ಟೆ.

“ಅವತ್ತ ನಾ ನೀರ ಹೊಡದಿದ್ದಿಲ್ಲ.”

“ಗೊತ್ತೈತಿ,” ಎಂದ. ತಲೆ ಎತ್ತಲಿಲ್ಲ. “ಕೈಯಾಗ ಹಿಡದಾಗ ಗೊತ್ತಾತು.”

“ಮತ್ತ ಯಾಕ ಅನ್ನಲಿಲ್ಲ?”

“ನೀ ಬಂದು ಹೇಳ್ತಿ ಅಂತ ಎರಡ ದಿನಾ ಕಾದೆ. ಬರಲಿಲ್ಲ. ಮೂರನೇ ದಿನಾ ನಾನ ಬಂದೆ. ಮದವಿ ಅಂದಿ.” ಸ್ಪ್ಯಾನರು ತಿರುಗಿಸಿದ. “ಹೆಬ್ಬಳ್ಳ್ಯಾಗ ಮದವಿ ಇರಲಿಲ್ಲ ಅನ್ನೋದೂ ಗೊತ್ತೈತಿ.”

ಅವನು ಬೈಯಬೇಕಿತ್ತು. ಬೈದರೆ ಸಾಕು, ಅತ್ತುಬಿಡುತ್ತೇನೆ ಎಂದು ನಿಂತಿದ್ದೆ. “ನಿನ್ನ ಬಾಳೇವು ಹಾಳ ಮಾಡಿದೆ ನಾ,” ಎಂದೆ.

“ಅಷ್ಟ ದೊಡ್ಡಾಕಿ ಆಗಬ್ಯಾಡ,” ಎಂದ. “ಒಬ್ಬ ಹೆಣಮಗಳು ನೀರ ಹೊಡೀಲಿಲ್ಲಂದ್ರ ನಿಲ್ಲೂ ಮಷೀನು ಮಷೀನ ಅಲ್ಲ. ಹದಾ ನಿನ್ನ ಕೈಯಾಗ ಇತ್ತು. ನನ್ನ ಪುಸ್ತಕದಾಗ ಬರಬೇಕಿತ್ತು, ಬರಲಿಲ್ಲ. ನಾ ನಿನ್ನ ಕೇಳಲಿಲ್ಲ. ಕೇಳಿದ್ರ ನಿನ್ನ ಹೆಸರ ಹಾಕಬೇಕಾಗ್ತಿತ್ತು.” ಸ್ಪ್ಯಾನರು ಕೆಳಗಿಟ್ಟ. “ಈಗ ಹೇಳ್ತಿ ಏನ? ಚೀಲಕ್ಕ ಎಷ್ಟ ನೀರು? ಎಷ್ಟ ತಾಸು ಮುಚ್ಚಬೇಕು?”

ಬಾಯಿ ತೆರೆದೆ. ಒಂದು ಅಂಕಿಯೂ ಬರಲಿಲ್ಲ. ನಲವತ್ತು ವರ್ಷ ಮಾಡಿದ ಕೆಲಸ. “ಹವಾ ನೋಡಬೇಕಪಾ... ಕಾಯಿ ಮುಟ್ಟಿ ನೋಡಬೇಕು...” ಎಂದೆ.

ಅವನು ಜೋರಾಗಿ ನಕ್ಕುಬಿಟ್ಟ. ಒಳ್ಳೆಯ ನಗೆಯಲ್ಲ. ಆ ದಿನವೇ ಮಷೀನು ಸರಿ ಮಾಡಿ, ಬಿಡಿಭಾಗವನ್ನು ಯಾವುದೋ ಹಳೆ ಪಂಪಿನದು ತಿದ್ದಿ ಕೂಡಿಸಿ ಹೋದ. ಸಾವಕಾರ ಬೆರಗಾದ. “ಹಡಗಿನ್ಯಾಗ ಬರೂದನ್ನ ದುರ್ಗದಬೈಲ್ನಾಗ ಮಾಡಿದ್ನಲ್ಲೋ!” ಎಂದು ಎರಡು ದಿನ ಎಲ್ಲರಿಗೂ ಹೇಳಿದ. ಹಿಂದೆ ಗಡಿಯಾರ ಹಿಡಿದು ಬರುತ್ತಿದ್ದವನೇ ಇವನು ಎಂದು ಸಾವಕಾರ ಗುರುತಿಸಲಿಲ್ಲ, ನನ್ನ ತಮ್ಮ ಎಂದು ನಾನೂ ಹೇಳಲಿಲ್ಲ.

ಅಂದಿನಿಂದ ಒಂದು ವಹಿ ಇಟ್ಟೆ. ಪ್ರತಿ ಸಂಜೆ ನೀರು ಹೊಡೆಯುವಾಗ ತಂಬಿಗೆಯಿಂದ ಅಳೆದು ಬರೆದೆ: ಎಷ್ಟು ಚೀಲ, ಎಷ್ಟು ತಂಬಿಗೆ, ಯಾವ ಹೊತ್ತಿಗೆ ಮುಚ್ಚಿದ್ದು, ಯಾವ ಹೊತ್ತಿಗೆ ತೆಗೆದದ್ದು, ಬೆಳಿಗ್ಗೆ ಮುಷ್ಟಿಯಲ್ಲಿ ಕಾಯಿ ಹೇಗಿತ್ತು. ಬರೆದದ್ದು ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಂದು ದಿನ ಆರು ತಂಬಿಗೆಗೆ ಹದ, ಇನ್ನೊಂದು ದಿನ ನಾಲ್ಕಕ್ಕೇ ಅಂಟು. ಆದರೂ ಬರೆದೆ.

ಪಂಚಮಿ ಬಂತು. ನಮ್ಮಲ್ಲಿ ಪಂಚಮಿಗೆ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಆ ಪ್ರಯೋಗ ಕೆಟ್ಟ ವರ್ಷದಿಂದ ತಮ್ಮ ಬಂದಿಲ್ಲ. ಅವನ ಹೆಂಡತಿ ಫೋನು ಮಾಡಿ “ಬರ್ರಿ ವೈನಿ” ಎನ್ನುತ್ತಾಳೆ, ನಾನು ಏನೋ ನೆಪ ಹೇಳುತ್ತೇನೆ. ಈ ವರ್ಷ ಫೋನೂ ಬರಲಿಲ್ಲ. ಕರೆಯದಿದ್ದರೂ ಹೋದೆ. ಚೀಲದಲ್ಲಿ ವಹಿ ಇತ್ತು.

ಅವನು ಅಂಗಡಿಗೆ ಹೊರಡುವುದರಲ್ಲಿದ್ದ. ನಿಂತುಕೊಂಡೇ ಹಾಳೆ ತಿರುವಿದ. ಓದುವಾಗ ಹುಬ್ಬು ಕೂಡಿಸುವುದು ಅವನಿಗೆ ಸಾಲಿಯಿಂದಲೂ ರೂಢಿ.

“ಇಲ್ಲೆ ಆರ ತಂಬಿಗಿ ಅಂತ ಬರದಿ. ಇಲ್ಲೆ ನಾಕು. ಚೀಲಾ ಅಷ್ಟ, ಕಾಯೀನೂ ಅದ.”

“ಅವತ್ತ ಮೋಡ ಇತ್ತು.”

“ಮೋಡ ಇತ್ತಂತ ಬರದಿಲ್ಲಲ್ಲಾ.” ಜೇಬಿನಿಂದ ಪೆನ್ಸಿಲು ತೆಗೆದು ಅಂಚಿನಲ್ಲಿ ಮೋಡ ಎಂದು ಬರೆದ. ಮುಂದಿನ ಹಾಳೆಗೆ ಹೋದ. “ಈ ಕಾಯಿ ಕೋಲ್ಡ್ ಸ್ಟೋರೇಜಿನದೋ, ಹೊಲದಿಂದ ಬಂದದ್ದೋ?”

“ಹೊಲದ್ದು.”

ಅದನ್ನೂ ಬರೆದ. ನಾನು ಹತ್ತಿರ ಸರಿದು ನಿಂತೆ. ಇನ್ನೊಂದು ಹಾಳೆ ತಿರುವಿದವನು ಪೆನ್ಸಿಲು ಹಿಡಿದ ಕೈಯನ್ನು ತಡೆದ. ಪೆನ್ಸಿಲು ಜೇಬಿಗೆ ಹೋಯಿತು, ವಹಿ ಮುಚ್ಚಿತು.

“ನನ್ನ ಮಷೀನು ಗುಜರಿಗೆ ಹಾಕಿದ್ರು,” ಎಂದ. “ಹೋದ ತಿಂಗಳಾ. ಶೆಡ್ಡು ಖಾಲಿ ಮಾಡಬೇಕಾಗಿತ್ತಂತ. ಕಬ್ಬಿಣಾ ತೂಕ ಮಾಡಿ ಒಯ್ದ್ರು. ನನಗ ವಾಚ್‌ಮನ್ ಫೋನ್ ಮಾಡಿ ಹೇಳಿದ.”

ಅವನ ಕೈಯಲ್ಲಿದ್ದ ವಹಿಯ ಕಡೆ ನೋಡಿದೆ.

“ಇನ್ನ ಇದನ್ನ ತಗೊಂಡು ಏನ ಮಾಡ್ಲಿ ಹೇಳ?” ವಹಿಯನ್ನು ಟೇಬಲ್ಲಿನ ಮೇಲಿಟ್ಟು ಚಪ್ಪಲಿ ಮೆಟ್ಟಿದ. “ಉಂಡ ಹೋಗು,” ಎಂದು ಹೇಳಿ ಹೊರಟುಹೋದ.

ಅವನ ಹೆಂಡತಿ ಎಲೆ ಹಾಕಿದಳು. ಉಂಡೆ. ಹೊರಡುವಾಗ ಅವಳು ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ನನ್ನ ಚೀಲಕ್ಕೆ ಹಾಕಿದಳು. ಅದರ ಮೇಲೆ ವಹಿಯನ್ನೂ ಇಟ್ಟಳು. “ಇದು ನಿಮ್ಮದಲ್ರೀ ವೈನಿ? ಮರತಿದ್ರಿ,” ಎಂದಳು.

ಮರೆತದ್ದಲ್ಲ, ಅವನಿಗೆ ಬಿಟ್ಟದ್ದು. ಆದರೂ ಹೌದು ಎಂದು ತೆಗೆದುಕೊಂಡು ಗಬ್ಬೂರಿನ ಬಸ್ಸಿಗೆ ನಡೆದೆ.